ರಾತ್ರಿ ಒಂಬತ್ತರ ಇಂಗ್ಲಿಷ್ ಪಾಠ

ಬೋಧನಾಭ್ಯಾಸಕ್ಕೆ ಹೋದವರು ತಮ್ಮ ವಿಷಯದ ಪಾಠ ಮಾಡಿ ಬಂದರೆ ಸಾಲದು, ಬೇರೆ ಶಿಕ್ಷಕರ ಪಾಠಗಳನ್ನೂ ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅವಲೋಕನ ಪುಸ್ತಕ ತುಂಬಿಸಬೇಕು. ನಾನು ಬಿ.ಎಸ್ಸಿ. ಮುಗಿಸಿ ಬಂದವಳು, ನನ್ನ ಬೋಧನಾ ವಿಷಯಗಳು ಭೌತವಿಜ್ಞಾನ ಮತ್ತು ಗಣಿತ. ನರಸಾಪುರದ ಶಾಲೆಯಲ್ಲಿ ನನಗೆ ಬಿಡುವಿದ್ದ ಮೂರನೇ ಅವಧಿಯಲ್ಲಿ ಹತ್ತನೇ ತರಗತಿಗೆ ಇಂಗ್ಲಿಷ್ ಇತ್ತು, ಹಾಗಾಗಿ ಹೋಗಿ ಕೂತೆ. ಮೇಡಂ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ ಓದಿಸುತ್ತಿದ್ದರು. ಮಗು ಓದಲು ಶುರು ಮಾಡಿದ ಕೂಡಲೇ ಅವರು ತಿರುಗಿ ಬೋರ್ಡಿನ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಓದಿ ಮುಗಿಯುವವರೆಗೂ ಹಾಗೇ. ಅವಲೋಕನ ನಮೂನೆಯಲ್ಲಿ 'ವಿದ್ಯಾರ್ಥಿಗಳೊಂದಿಗೆ ದೃಷ್ಟಿ ಸಂಪರ್ಕ' ಎಂಬ ಕಲಮು ಇದೆ. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟೆ. ಊಟದ ಹೊತ್ತಿನಲ್ಲಿ ಕೇಳಿದಾಗ ಮೇಡಂ ನಕ್ಕರು. "ಮುಖ ನೋಡ್ತಾ ಇದ್ರೆ ಕಿವಿ ಕೆಲಸ ಮಾಡಲ್ಲ ಕಣಮ್ಮ. ತುಟಿ ನೋಡಿ ನಾನೇ ಸರಿ ಮಾಡ್ಕೊಂಡು ಕೇಳಿಸ್ಕೊಂಡುಬಿಡ್ತೀನಿ. ಇದು ಕೊರೊನಾ ವರ್ಷ ಅಂಟಿದ ಅಭ್ಯಾಸ."

ಆಮೇಲಿನ ವಾರಗಳಲ್ಲಿ ಬಿಡುವಾದಾಗಲೆಲ್ಲ ಅವರ ಹತ್ತಿರ ಆ ಎರಡು ವರ್ಷಗಳ ಬಗ್ಗೆ ಕೇಳಿದೆ. ಹೋಬಳಿಯ ಇನ್ನಿಬ್ಬರು ಇಂಗ್ಲಿಷ್ ಶಿಕ್ಷಕರನ್ನೂ ಮಾತಾಡಿಸಿದೆ. 'ಆನ್‌ಲೈನ್ ಬೋಧನೆಯ ಗುಣದೋಷಗಳನ್ನು ವಿವರಿಸಿ' ಎಂಬ ಪ್ರಶ್ನೆ ಪರೀಕ್ಷೆಗೆ ಬಂದರೆ ಉತ್ತರ ನಮಗೆಲ್ಲ ಬಾಯಿಪಾಠ: ಎಲ್ಲಿಂದಲಾದರೂ ಕಲಿಯಬಹುದು, ಯಾವಾಗಲಾದರೂ ಕಲಿಯಬಹುದು, ನೆಟ್‌ವರ್ಕ್ ಸಮಸ್ಯೆ, ಕಣ್ಣಿಗೆ ಆಯಾಸ. ಐದು ಗುಣ, ಐದು ದೋಷ, ಒಂದು ಉಪಸಂಹಾರ. ಈ ಮೂವರ ಮಾತಿನಲ್ಲೂ ಅವೆಲ್ಲ ಬಂದವು, ಬಂದು ಬದಿಗೆ ಸರಿದವು. ಅವರು ಮತ್ತೆ ಮತ್ತೆ ಹೇಳಿದ್ದು ಮಕ್ಕಳ ದನಿ ಕೇಳುತ್ತಿರಲಿಲ್ಲ ಎಂಬುದನ್ನು. ಗಣಿತದಲ್ಲಿ ಮಗು ಬಾಯಿ ಬಿಡದಿದ್ದರೂ ನೋಟ್‌ಬುಕ್ಕಿನ ಫೋಟೋ ಕಳಿಸಿದರೆ ಯಾವ ಹಂತದಲ್ಲಿ ಎಡವಿದೆ ಎಂದು ಗೊತ್ತಾಗುತ್ತದೆ. ಇಂಗ್ಲಿಷ್ ಹಾಗಲ್ಲ. ಮನೆಯಲ್ಲಿ, ಬೀದಿಯಲ್ಲಿ ಎಲ್ಲೂ ಆ ಭಾಷೆ ಕಿವಿಗೆ ಬೀಳದ ಮಗುವಿಗೆ, ತನ್ನ ಬಾಯಿಂದ ಹೊರಟದ್ದನ್ನು ಒಬ್ಬರು ಕೇಳಿ ತಿರುಗಿ ಹೇಳದಿದ್ದರೆ ಪಾಠ ಆಯಿತೆಂದು ಹೇಳುವುದಾದರೂ ಹೇಗೆ?

ನರಸಾಪುರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಕೋಲಾರದಿಂದ ಬೆಂಗಳೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರ ಮಗ್ಗುಲಿನ ಹೋಬಳಿ ಕೇಂದ್ರ ಇದು. ವರ್ಷಗಟ್ಟಲೆ ಒಣಗಿದ್ದ ಕೆರೆಗೆ ಕೆ.ಸಿ. ವ್ಯಾಲಿ ಯೋಜನೆಯ ನೀರು ಬಂದಾಗ ಸುದ್ದಿಯಾಗಿತ್ತು. ಅದಕ್ಕೂ ಮೊದಲೇ ಕೈಗಾರಿಕಾ ಪ್ರದೇಶ ಬಂದು ಊರಿನ ಗಡಿಯಾರವನ್ನೇ ಬದಲಾಯಿಸಿತ್ತು. ರಾಗಿ, ಹಿಪ್ಪುನೇರಳೆ, ಟೊಮೆಟೊ ಬೆಳೆಯುವ ಮನೆಗಳಲ್ಲಿ ಈಗ ಒಬ್ಬರಾದರೂ 'ಕಂಪ್ನಿ'ಗೆ ಹೋಗುತ್ತಾರೆ. ಮನೆಯ ಹೊತ್ತು ಶಿಫ್ಟಿನ ಹೊತ್ತು. ಭಾಷೆಯ ಲೆಕ್ಕ ಇನ್ನೂ ಸ್ವಾರಸ್ಯದ್ದು. ಬಹಳ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪಿಜಿಗಳಿರುವ ಬೀದಿಯಲ್ಲಿ ಹಿಂದಿ. ಇಂಗ್ಲಿಷ್ ಪಠ್ಯಪುಸ್ತಕದಲ್ಲಿ, ಮತ್ತು ಬಸ್ಸು, ಪೆನ್ನು, ಶಿಫ್ಟು, ಲೋಡು ಎಂದು ಕೊನೆಗೊಂದು 'ಉ' ಸೇರಿಸಿಕೊಂಡು ನಮ್ಮದೇ ಆಗಿಹೋದ ಮಾತುಗಳಲ್ಲಿ. ಕರ್ನಾಟಕದಲ್ಲಿ 2007ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಆದರೂ ಹತ್ತನೇ ತರಗತಿಗೆ ಬರುವ ಹೊತ್ತಿಗೆ ತಾನಾಗಿ ಒಂದು ಇಂಗ್ಲಿಷ್ ವಾಕ್ಯ ಹೇಳಿರುವ ಮಕ್ಕಳು ಕಡಿಮೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳಿರುತ್ತಾರೆ, ಅದೂ ಕೋರಸ್ಸಿನಲ್ಲಿ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಗ ನಾನು ಬಿ.ಎಸ್ಸಿ. ವಿದ್ಯಾರ್ಥಿನಿ, ಮನೆಯ ಮಹಡಿ ಮೆಟ್ಟಿಲ ಮೇಲೆ ಕೂತು, ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿದ್ದುದರಿಂದ, ದ್ಯುತಿಶಾಸ್ತ್ರದ ಪಾಠ ಕೇಳಿದ್ದೇನೆ. ಮೈಕ್ ಮುಚ್ಚಿಕೊಂಡು ಕೇಳಿದರೂ ನನಗೆ ನಷ್ಟವೇನೂ ಆಗಲಿಲ್ಲ, ಸಮೀಕರಣಗಳು ಪರದೆಯ ಮೇಲಿದ್ದವು. ಶಾಲೆಯ ಮಕ್ಕಳ ಕಥೆ ಬೇರೆ. ಜೂನ್‌ನಲ್ಲಿ ಐದನೇ ತರಗತಿವರೆಗಿನವರಿಗೆ ಆನ್‌ಲೈನ್ ಪಾಠ ಬೇಡವೆಂದು ಸರ್ಕಾರ ಹೇಳಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಶುರುವಾಯಿತು. ಇಂಟರ್ನೆಟ್ ಇರುವ ಫೋನಿನ ಮಕ್ಕಳು, ಬರೀ ಫೋನಿನ ಮಕ್ಕಳು, ಏನೂ ಇಲ್ಲದ ಮಕ್ಕಳು ಎಂದು ಗುಂಪು ಮಾಡಿಕೊಂಡು ಶಿಕ್ಷಕರೇ ಊರೂರಿಗೆ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿಗಳಲ್ಲಿ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದೂ ನಿಂತಿತು.

ಇಷ್ಟು ಎಲ್ಲರಿಗೂ ಗೊತ್ತಿರುವ ಇತಿಹಾಸ. ಇದರ ಒಳಗೆ ನಮ್ಮ ಮೇಡಂ ಏನು ಮಾಡಿದರು ಎನ್ನುವುದು ನಾನು ಬರೆಯಹೊರಟ ವಿಷಯ.

ಅವರ ಹತ್ತನೇ ತರಗತಿಯಲ್ಲಿ ಆ ವರ್ಷ 38 ಮಕ್ಕಳು. ವಾಟ್ಸಾಪ್ ಗುಂಪಿಗೆ ಸೇರಿದ ನಂಬರುಗಳು 25ರ ಆಸುಪಾಸು, ಅವೆಲ್ಲ ಅಪ್ಪಂದಿರ ಅಥವಾ ಅಣ್ಣಂದಿರ ನಂಬರುಗಳು. ಗೂಗಲ್ ಮೀಟ್ ಎರಡು ದಿನ ಪ್ರಯತ್ನಿಸಿದರಂತೆ, ಹತ್ತು ಗಂಟೆಗೆ. ನಾಲ್ಕು ಜನ ಬಂದರು. ಮಕ್ಕಳ ತಪ್ಪೇನಿಲ್ಲ, ಫೋನು ಅಪ್ಪನ ಜೇಬಿನಲ್ಲಿ ಕಂಪ್ನಿಗೆ ಹೋಗಿತ್ತು. ಕೆಲವು ಕಡೆ ಫೋನನ್ನು ಒಳಗೆ ಬಿಡುವುದಿಲ್ಲ, ಲಾಕರಿನಲ್ಲಿ ಆರಿಸಿಟ್ಟು ಹೋಗಬೇಕು. ಬೆಳಿಗ್ಗೆ ಕಳಿಸಿದ ಸಂದೇಶದ ಮುಂದೆ ಸಂಜೆವರೆಗೂ ಒಂದೇ ಟಿಕ್ಕು. ಎಂಟರ ಮೇಲೆ ಒಂದೊಂದಾಗಿ ಎರಡು ಟಿಕ್ಕು ಆಗತೊಡಗುತ್ತಿದ್ದವು. "ಟಿಕ್ಕು ನೋಡಿದ್ರೆ ಯಾರಪ್ಪ ಯಾವ ಶಿಫ್ಟು ಅಂತ ಹೇಳ್ತಿದ್ದೆ" ಎಂದರು ಮೇಡಂ. ಕೊನೆಗೆ ಪಾಠದ ಹೊತ್ತನ್ನೇ ರಾತ್ರಿ ಒಂಬತ್ತಕ್ಕೆ ಸರಿಸಿದರು. ಪಾಠವೆಂದರೆ ಅವರು ಎರಡು ನಿಮಿಷದ ಒಂದು ಧ್ವನಿ ಸಂದೇಶ ಕಳಿಸುವುದು. ಮಕ್ಕಳು ಒಂದು ನಿಮಿಷದೊಳಗೆ ತಮ್ಮ ದನಿಯಲ್ಲಿ ಉತ್ತರ ಕಳಿಸುವುದು. ನಿಮ್ಮ ಅಪ್ಪ ಬೆಳಿಗ್ಗೆ ಎದ್ದು ಏನೇನು ಮಾಡುತ್ತಾರೆ ಹೇಳಿ, ನಿಮ್ಮ ಹಸುವಿನ ಬಗ್ಗೆ ಹೇಳಿ, ಮೊನ್ನೆ ಸುರಿದ ಮಳೆಯ ಬಗ್ಗೆ ಹೇಳಿ.

ಮೊದಮೊದಲು ಅವರು ಫೋನ್ ಮಾಡಿಯೇ ಮಾತಾಡಿಸುತ್ತಿದ್ದರಂತೆ. ಆಮೇಲೆ ಬಿಟ್ಟರು. ಕರೆಯಲ್ಲಿ ಪದದ ಬಾಲ ಕೇಳಿಸುತ್ತಿರಲಿಲ್ಲವಂತೆ. ಇದನ್ನು ಕೇಳಿ ನನ್ನೊಳಗಿನ ಭೌತವಿಜ್ಞಾನದವಳಿಗೆ ಬಹಳ ಖುಷಿಯಾಯಿತು, ಏಕೆಂದರೆ ಅದಕ್ಕೆ ನಿಜವಾದ ಕಾರಣವಿದೆ. ಹಳೆಯ ಪದ್ಧತಿಯ ದೂರವಾಣಿ ಕರೆ ಸುಮಾರು 300ರಿಂದ 3,400 ಹರ್ಟ್ಜ್ ಆವೃತ್ತಿಯ ಶಬ್ದವನ್ನು ಮಾತ್ರ ಸಾಗಿಸುತ್ತದೆ. ಸ್ವರಗಳಿಗೆ ಅಷ್ಟು ಸಾಕು. ಆದರೆ 'ಸ್' ಎಂಬ ಸೀತ್ಕಾರದ ಬಲವೆಲ್ಲ ಇರುವುದು ಬಹುಮಟ್ಟಿಗೆ 4,000 ಹರ್ಟ್ಜ್‌ಗಿಂತ ಮೇಲೆ. 'ಎಫ್' ಧ್ವನಿಯ ಗುರುತೂ ಅಲ್ಲೇ ಹರಡಿಕೊಂಡಿರುತ್ತದೆ. ಫೋನಿನಲ್ಲಿ ಹೆಸರು ಹೇಳುವಾಗ 'ಎಸ್ ಫಾರ್ ಶುಗರ್, ಎಫ್ ಫಾರ್ ಫಾದರ್' ಎಂದು ಬಿಡಿಸಿ ಹೇಳಬೇಕಾಗಿ ಬರುವುದು ಇದಕ್ಕೇ. ಈಗಿನ ನಾಲ್ಕನೇ ತಲೆಮಾರಿನ ಕರೆಗಳು 7,000 ಹರ್ಟ್ಜ್‌ವರೆಗೂ ಸಾಗಿಸಬಲ್ಲವು, ಆದರೆ ಎರಡೂ ತುದಿಯ ಫೋನುಗಳು ಅದಕ್ಕೆ ಒಗ್ಗಬೇಕು. ಬಟನ್ ಫೋನಿನ ಮನೆಗಳಲ್ಲಿ ಅದು ಇರಲಿಲ್ಲ. ವಾಟ್ಸಾಪ್‌ನ ಧ್ವನಿ ಸಂದೇಶ ಹಳೆಯ ಕರೆಗಿಂತ ಹೆಚ್ಚಿನ ಕಂಪನಗಳನ್ನು ಉಳಿಸಿಕೊಳ್ಳುತ್ತದೆ. ಸಿಗ್ನಲ್ ಕ್ಷೀಣವಾದರೆ ತಡವಾಗಿ ತಲುಪುತ್ತದೆಯೇ ಹೊರತು ನಡುವೆ ತುಂಡಾಗುವುದಿಲ್ಲ.

ಇಂಗ್ಲಿಷ್‌ನಲ್ಲಿ ಪದದ ಬಾಲ ಸಣ್ಣ ಸಂಗತಿಯಲ್ಲ. ಕನ್ನಡದಲ್ಲಿ 'ಕುಡಿಯುತ್ತಾನೆ' ಎಂದರೆ ಯಾರು, ಯಾವಾಗ ಎಂಬುದೆಲ್ಲ ಹಲವು ಅಕ್ಷರಗಳ ಉದ್ದಕ್ಕೆ ಹರಡಿಕೊಂಡಿದೆ. ಒಂದು ಅಕ್ಷರ ಕೇಳಿಸದಿದ್ದರೂ ಅರ್ಥ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ 'ಡ್ರಿಂಕ್'ಗೂ 'ಡ್ರಿಂಕ್ಸ್'ಗೂ ಇರುವ ವ್ಯತ್ಯಾಸ ಕೊನೆಯ ಒಂದು ಸೀತ್ಕಾರ. 'ವಾಕ್'ಗೂ 'ವಾಕ್ಟ್'ಗೂ ಇರುವುದು ನಾಲಿಗೆಯ ಒಂದು ತಟ್ಟು. ಮೇಡಂ ವ್ಯಾಕರಣ ಕಲಿಸಬೇಕಾಗಿದ್ದುದು ಆ ಬಾಲದಲ್ಲೇ, ಕರೆ ನುಂಗುತ್ತಿದ್ದುದೂ ಅದನ್ನೇ. ಆವೃತ್ತಿ, ಹರ್ಟ್ಜ್ ಯಾವುದರ ಗೊಡವೆಯೂ ಇಲ್ಲದೆ ಬರೀ ಕಿವಿಯಿಂದ ಅವರು ಇದನ್ನು ಕಂಡುಕೊಂಡಿದ್ದರು. ನಾನು ಕಾಗದದ ಮೇಲೆ ಗೀಟು ಹಾಕಿ ವಿವರಿಸಿದಾಗ "ಓಹೋ, ಅದಕ್ಕೆ ಹೆಸರೂ ಇದೆಯಾ" ಎಂದರು.

ಮೂರು ಹಳೆಯ ಸಂದೇಶಗಳನ್ನು ಅವರು ನನಗೆ ಕೇಳಿಸಿದರು. ಸುಮ್ಮನೆ ಕೇಳಿಸಲಿಲ್ಲ, ಆ ಮಕ್ಕಳಿಗೆ ಫೋನ್ ಮಾಡಿ, "ನಮ್ಮ ಶಾಲೆಗೆ ಬಂದಿರೋ ಟ್ರೈನಿಂಗ್ ಮಿಸ್‌ಗೆ ನಿನ್ನ ವಾಯ್ಸು ಕೇಳಿಸ್ಲಾ" ಎಂದು ಕೇಳಿದ ಮೇಲೆ. ಒಬ್ಬ ಹುಡುಗ ತನ್ನ ಅಪ್ಪನ ಬೆಳಗನ್ನು ವಿವರಿಸುತ್ತಾನೆ. "ಮೈ ಪಾದರ್ ಡ್ರಿಂಕ್ ಕಾಪಿ" ಎನ್ನುತ್ತಾನೆ. ನಮ್ಮ ಕಡೆ ಕುಡಿಯುವುದೂ ಕಾಪಿ, ಪರೀಕ್ಷೆಯಲ್ಲಿ ಹೊಡೆಯುವುದೂ ಕಾಪಿ. ಹಿನ್ನೆಲೆಯಲ್ಲಿ ಅಪ್ಪ ತೆಲುಗಿನಲ್ಲಿ ಏನೋ ಹೇಳಿ ನಗುತ್ತಾರೆ. ಮೇಡಂ ಉತ್ತರ ಕಳಿಸಿದ್ದಾರೆ: ಮೇಲಿನ ಹಲ್ಲು ಕೆಳತುಟಿಗೆ ತಾಗಿಸಿ ಗಾಳಿ ಬಿಡು, ದೀಪ ಆರಿಸೋ ಥರ ಅಲ್ಲ, ಟೈರು ಪಂಚರಾಗಿ ಗಾಳಿ ಸೋರೋ ಥರ. ಅದಾದ ಹನ್ನೊಂದು ನಿಮಿಷದ ಮೇಲೆ ಹುಡುಗನ ಎರಡನೇ ಸಂದೇಶ. 'ಫಾದರ್' ಬಂದಿದೆ, 'ಡ್ರಿಂಕ್ಸ್' ಬಂದಿದೆ, ಕಾಫಿ ಇನ್ನೂ ಕಾಪಿಯೇ. ಆ ಹನ್ನೊಂದು ನಿಮಿಷ ಅವನು ಏನು ಮಾಡುತ್ತಿದ್ದ? ಆರೇಳು ಸಲ ಹೇಳಿ, ಕೇಳಿಕೊಂಡು, ಅಳಿಸಿ, ಮತ್ತೆ ಹೇಳಿದೆ ಎಂದು ಅವನೇ ಆಮೇಲೆ ಮೇಡಂಗೆ ಹೇಳಿದನಂತೆ. ತರಗತಿಯಲ್ಲಿ ಅವನಿಗೆ ಸಿಗುವುದು ಒಂದೇ ಅವಕಾಶ, ಅದೂ 37 ಜನ ನಗಲು ಕಾದು ಕೂತಿರುವಾಗ. ನಾನು ಓದಿದ ಆನ್‌ಲೈನ್ ಬೋಧನೆಯ ಯಾವ ಗುಣಗಳ ಪಟ್ಟಿಯಲ್ಲೂ ಈ 'ಅಳಿಸುವ' ಅನುಕೂಲ ಇರಲಿಲ್ಲ. ನನ್ನ ಮಟ್ಟಿಗೆ ಪಟ್ಟಿಯ ಮೊದಲನೆಯದು ಅದೇ ಆಗಬೇಕು.

ಇದಕ್ಕೆ ಮೇಡಂ ಕೊಟ್ಟ ಬೆಲೆಯನ್ನೂ ಲೆಕ್ಕ ಹಾಕಬೇಕು. 25 ಮಕ್ಕಳು ಒಂದೊಂದು ನಿಮಿಷ ಮಾತಾಡಿ, ಅವರು ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿ, ಒಂದು ನಿಮಿಷ ಉತ್ತರ ಹೇಳಿದರೆ 75 ನಿಮಿಷ. ತಿದ್ದಿ ಕಳಿಸಿದ್ದನ್ನು ಮತ್ತೆ ಕೇಳಿದರೆ ಇನ್ನೂ ಹೆಚ್ಚು. ಒಂಬತ್ತಕ್ಕೆ ಶುರುವಾದದ್ದು ಹನ್ನೊಂದರ ಹತ್ತಿರ ಮುಗಿಯುತ್ತಿತ್ತು. ಅವರ ಮಗ ಆಗ ಚಿಕ್ಕವನು, ಮಲಗಿದ ಮಗುವಿಗೆ ಎಚ್ಚರವಾಗದಿರಲೆಂದು ಅಡುಗೆಮನೆಯ ಬಾಗಿಲು ಹಾಕಿಕೊಂಡು ಉತ್ತರ ರೆಕಾರ್ಡು ಮಾಡುತ್ತಿದ್ದರು. ಕೆಲವು ಸಂದೇಶಗಳಲ್ಲಿ ಅವರ ದನಿಯ ಹಿಂದೆ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತದೆ. ಬೆಳಿಗ್ಗೆ ಎದ್ದು ವಿದ್ಯಾಗಮದ ಊರಿಗೆ ಹೋಗಬೇಕು, ಸಂಜೆ ದಾಖಲೆ ಅಪ್‌ಲೋಡ್ ಮಾಡಬೇಕು. ಆ ದಾಖಲೆಯಲ್ಲಿ ರಾತ್ರಿಯ ಎರಡು ಗಂಟೆಗೆ ಕಲಮು ಇರಲಿಲ್ಲ. ನಾನು ಈ ಲೆಕ್ಕ ಹಾಕಿ ತೋರಿಸಿದಾಗ ಅವರು ಇನ್ನೊಂದು ಲೆಕ್ಕ ಹೇಳಿದರು: ನಲವತ್ತೈದು ನಿಮಿಷದ ಪೀರಿಯಡ್ಡನ್ನು 38 ಮಕ್ಕಳಿಗೆ ಹಂಚಿದರೆ ತಲೆಗೆ ಒಂದು ನಿಮಿಷ ಚಿಲ್ಲರೆ, ಹಾಜರಿ ಕರೆಯದಿದ್ದರೆ.

ಎರಡನೆಯವರು ಹೋಬಳಿಯ ಖಾಸಗಿ ಶಾಲೆಯೊಂದರಲ್ಲಿ ಆಗ ಇಂಗ್ಲಿಷ್ ಕಲಿಸುತ್ತಿದ್ದ ಶಿಕ್ಷಕಿ. ಅವರದು ದಿನಕ್ಕೆ ನಾಲ್ಕು ಗೂಗಲ್ ಮೀಟ್, ಅರ್ಧ ಸಂಬಳ. ಕ್ಯಾಮೆರಾ ಆರಿಸಿದ ಕಪ್ಪು ಚೌಕಗಳ ಮುಂದೆ ಪಾಠ ಮಾಡುವ ಸಂಕಟವನ್ನು ಎಲ್ಲ ಶಿಕ್ಷಕರೂ ಹೇಳುತ್ತಾರೆ. ಅವರು ಹೇಳಿದ್ದು ಅದಲ್ಲ. ಆ ಕಪ್ಪು ಚೌಕಗಳ ಹಿಂದೆ ಇಡೀ ಮನೆಯೇ ಕೂತು ಕೇಳುತ್ತಿತ್ತು. "ಗಣಿತದ ಸಾರ್ ಲೆಕ್ಕ ಮಾಡ್ತಿದ್ರೆ ಅಜ್ಜಿ ಎದ್ದು ಹೋಗ್ತಾರೆ. ಇಂಗ್ಲಿಷ್ ಅಂದ್ರೆ ಎಲ್ಲರೂ ಬಂದು ಕೂತ್ಕೋತಾರೆ." ಅವರು ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಒಂದು ದಿನ ಪಾಠದ ನಡುವೆ ಯಾರದೋ ಮೈಕ್ ತೆರೆದಿತ್ತು. ಒಬ್ಬ ತಂದೆ, "ಇವರ ಇಂಗ್ಲಿಷೇ ಹಿಂಗಿದೆ, ಇದಕ್ಕೆ ಫೀಸು ಬೇರೆ" ಎಂದದ್ದು ಎಲ್ಲರಿಗೂ ಕೇಳಿಸಿತು. ಅವರು ಪಾಠ ನಿಲ್ಲಿಸಲಿಲ್ಲ. ಮಾರನೆಯ ದಿನದಿಂದ ಪ್ರತಿ ವಾಕ್ಯವನ್ನೂ ಮೊದಲೇ ಬರೆದಿಟ್ಟುಕೊಂಡು ಓದತೊಡಗಿದರು. ವ್ಯಾಕರಣದ ತಪ್ಪಿಲ್ಲದ ಇಂಗ್ಲಿಷ್, ಮಕ್ಕಳ ಕಡೆಗೆ ತಿರುಗದ ಇಂಗ್ಲಿಷ್. ತರಗತಿಯಲ್ಲಿ ಶಿಕ್ಷಕಿಯ ಇಂಗ್ಲಿಷ್ ಮಕ್ಕಳ ಜತೆ ಸೇರಿ ಬೆಳೆಯುತ್ತದೆ. ಮಗು ಕೇಳಿದ ಪ್ರಶ್ನೆಗೆ ತಡವರಿಸಿ ಹೊಸ ವಾಕ್ಯ ಕಟ್ಟುವುದೂ ಒಂದು ಪಾಠ. ಹೊರಗಿನ ಕಿವಿಗಳಿಗೆ ಹೆದರಿ ಅವರು ಆ ತಡವರಿಕೆಯನ್ನು ಕಳೆದುಕೊಂಡರು. ಇದನ್ನು ಹೇಳುವಾಗ ಅವರಿಗೆ ಕಣ್ಣೀರು ಬರಲಿಲ್ಲ, ಸಿಟ್ಟು ಬಂತು. ನನಗೂ.

ಮೂರನೆಯವರು ಅತಿಥಿ ಶಿಕ್ಷಕರು. 2020ರಲ್ಲಿ ಶಾಲೆಯೇ ಇಲ್ಲದ ಮೇಲೆ ಅತಿಥಿಗಳನ್ನು ಕರೆಯುವವರು ಯಾರು? ಅವರು ಕೆಲಕಾಲ ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಲೆಕ್ಕ ಬರೆದರು. ಮರುವರ್ಷ ಕಾರ್ಖಾನೆ ಕೆಲಸಕ್ಕೆ ಬೇರೆ ಜಿಲ್ಲೆಗಳಿಂದ ಬಂದು ಪಿಜಿಗಳಲ್ಲಿದ್ದ ಹುಡುಗಿಯರಿಗೆ ಭಾನುವಾರ ರಾತ್ರಿ ಮೀಟ್‌ನಲ್ಲಿ ಸ್ಪೋಕನ್ ಇಂಗ್ಲಿಷ್ ಶುರು ಮಾಡಿದರು. ಆರು ಜನರಿದ್ದ ಒಂದು ಕೋಣೆಯಲ್ಲಿ ಇಬ್ಬರು ಕಲಿಯುವವರು, ನಾಲ್ವರು ನೈಟ್ ಶಿಫ್ಟ್ ಮುಗಿಸಿ ಮಲಗಿದವರು. ಎದ್ದುಬಿಡುತ್ತಾರೆಂದು ಯಾರೂ ಬಾಯಿ ಬಿಡುವಂತಿಲ್ಲ. ಉತ್ತರವನ್ನೆಲ್ಲ ಚಾಟ್‌ನಲ್ಲಿ ಟೈಪು ಮಾಡುತ್ತಿದ್ದರು. "ಆರು ತಿಂಗಳು ಸ್ಪೋಕನ್ ಇಂಗ್ಲಿಷ್ ಕಲಿಸಿದೆ, ಒಬ್ಬರೂ ಸ್ಪೋಕಲಿಲ್ಲ" ಎಂದು ಅವರೇ ನಗುತ್ತಾರೆ.

2021ರ ಜನವರಿ 1ರಿಂದ ಹತ್ತನೇ ತರಗತಿಯ ಮಕ್ಕಳು ಶಾಲೆಗೆ ಮರಳಿದರು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡಿದ್ದ ಮೇಡಂಗೆ ಹೊಸ ತೊಂದರೆ ಎದುರಾಯಿತು: ಮಾಸ್ಕು. ಎಫ್, ವಿ, 'ದಿಸ್' 'ಥಿಂಕ್'ಗಳ ಮೊದಲ ಧ್ವನಿ, ಇವನ್ನು ಕಲಿಸಲು ಹಲ್ಲು, ತುಟಿ, ನಾಲಿಗೆಯ ತುದಿ ಕಾಣಬೇಕು. ಮಕ್ಕಳು ಎದುರಿಗೇ ಕೂತಿದ್ದರು, ಬಾಯಿ ಮಾತ್ರ ಬಟ್ಟೆಯ ಹಿಂದೆ. ಆಗ ಅವರು ತಮ್ಮ ಬಾಯಿಯ ವಿಡಿಯೋವನ್ನು ರಾತ್ರಿ ಗುಂಪಿಗೆ ಕಳಿಸಿ, ಬೆಳಿಗ್ಗೆ ತರಗತಿಯಲ್ಲಿ ಕಿವಿಯಿಂದ ಪರೀಕ್ಷಿಸುತ್ತಿದ್ದರು. ಏಪ್ರಿಲ್‌ನಲ್ಲಿ ಎರಡನೇ ಅಲೆ ಬಂತು, ಮತ್ತೆ ರಾತ್ರಿ ಒಂಬತ್ತು. ಜುಲೈ 19 ಮತ್ತು 22ರಂದು ಎರಡೇ ದಿನ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಭಾಷೆಗಳೆಲ್ಲ ಸೇರಿ ಒಂದೇ ಪತ್ರಿಕೆ, ಇಂಗ್ಲಿಷ್‌ಗೆ 40 ಬಹು ಆಯ್ಕೆಯ ಪ್ರಶ್ನೆ, ಒಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದು. ಆ ಸಂದರ್ಭಕ್ಕೆ ಅದೇ ಸರಿಯಾದ ದಾರಿ, ಮಕ್ಕಳ ಆರೋಗ್ಯ ದೊಡ್ಡದು. ಆದರೂ ಪತ್ರ, ಪ್ರಬಂಧ ಯಾವುದೂ ಇಲ್ಲದ ಆ ಪತ್ರಿಕೆಯಲ್ಲಿ ಮಗು ತನ್ನದೆಂದು ಒಂದು ಇಂಗ್ಲಿಷ್ ವಾಕ್ಯ ಬರೆಯುವ ಜಾಗ ಇರಲಿಲ್ಲ. ರಾಜ್ಯದಲ್ಲಿ ಬಹುತೇಕ ಎಲ್ಲರೂ ಉತ್ತೀರ್ಣರಾದರು. ವರ್ಷವಿಡೀ ವಾಕ್ಯ ಹೇಳಿ ಕಳಿಸಿದವರೂ, ಒಮ್ಮೆಯೂ ಹೇಳದವರೂ.

ಹೇಳದವರಲ್ಲಿ ಒಬ್ಬಳ ವಿಷಯ ಬರೆಯಬೇಕು. ಬರೆಯಲು ಅವಳ ಒಪ್ಪಿಗೆ ಇದೆ, ಹೆಸರು ಬೇಡವೆಂದಿದ್ದಾಳೆ. ಜುಲೈ, ಆಗಸ್ಟ್‌ಗಳಲ್ಲಿ ಗುಂಪಿಗೆ ಮೊದಲು ಬರುತ್ತಿದ್ದ ದನಿ ಅವಳದು. ಸೆಪ್ಟೆಂಬರ್‌ನಲ್ಲಿ ನಿಂತುಹೋಯಿತು. ಮೇಡಂ ಫೋನ್ ಮಾಡಿದರೆ ತಾಯಿ ತೆಗೆದುಕೊಂಡರು. "ಅವಳ ದನಿ ಗಂಡುಮಕ್ಳ ಫೋನ್‌ಗೆಲ್ಲ ಹೋಗ್ತದಂತಲ್ಲ ಮಿಸ್. ಅವರ ಮಾವ ಏನೋ ಅಂದ್ರು. ಬೇಡ ಮಿಸ್, ಬೇಕಾದ್ರೆ ಬರೆದು ಕಳಿಸ್ತಾಳೆ." ಗುಂಪಿಗೆ ಬೇಡ, ನನ್ನ ನಂಬರಿಗೆ ಮಾತ್ರ ಕಳಿಸಲಿ ಎಂದರು ಮೇಡಂ. "ಫೋನು ಅವರಪ್ಪಂದಲ್ವಾ ಮಿಸ್, ಕಂಪ್ನೀಲಿ ಯಾರ್ಯಾರ ಕೈಗೋ ಹೋಗ್ತದೆ." ತಾಯಿಯ ಮಾತಿನಲ್ಲಿ ಜಗಳವಿರಲಿಲ್ಲ. ಅವರ ಭಯ ಸುಳ್ಳೂ ಅಲ್ಲ. ಒಂದು ಗುಂಪಿನ ಸಂದೇಶ ಎರಡು ಬೆರಳಿನಲ್ಲಿ ಎಲ್ಲಿಗೆ ಬೇಕಾದರೂ ಹೋಗುತ್ತದೆಂಬುದು ನಮಗೂ ಗೊತ್ತಿದೆ. ಬರೆದು ಕಳಿಸಿದ ವಾಕ್ಯಗಳು ಅಚ್ಚುಕಟ್ಟಾಗಿರುತ್ತಿದ್ದವು. ವಿದ್ಯಾಗಮದ ಜಗಲಿಯಲ್ಲಿ ವಾರಕ್ಕೊಮ್ಮೆ ಅವಳು ಮಾತಾಡಿದಳು. ಅಕ್ಟೋಬರ್‌ನಲ್ಲಿ ಜಗಲಿಯೂ ಹೋದ ಮೇಲೆ ಜನವರಿವರೆಗೆ ಅವಳ ದನಿ ಮೇಡಂ ಕಿವಿಗೆ ಬೀಳಲಿಲ್ಲ.

ಅವಳೀಗ ಕೋಲಾರದಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ನಾವಿಬ್ಬರೂ ಬೆಳಿಗ್ಗೆ ಒಂದೇ ನಿಲ್ದಾಣದಲ್ಲಿ ನಿಲ್ಲುತ್ತೇವೆ, ಬಸ್ಸುಗಳು ಬೇರೆ. ಆ ತಿಂಗಳುಗಳ ಬಗ್ಗೆ ಕೇಳಿದೆ. "ರೆಕಾರ್ಡು ಮಾಡ್ತಿದ್ದೆ ಅಕ್ಕ, ದಿನಾ. ಅಪ್ಪ ಊಟಕ್ಕೆ ಕೂತಾಗ. ಕೇಳಿಸ್ಕೊಂಡು ಅಳಿಸಿಬಿಡ್ತಿದ್ದೆ, ಕಳಿಸ್ತಿರಲಿಲ್ಲ." ಹಾಗಾದರೆ ಅಭ್ಯಾಸ ತಪ್ಪಲಿಲ್ಲವಲ್ಲ ಎಂದೆ. ಅವಳು ತಲೆಯಾಡಿಸಿದಳು. "ನಂಗೆ ಸರಿ ಅನ್ನಿಸಿದ್ದನ್ನೇ ಹೇಳ್ತಾ ಹೋದೆ ಅಲ್ವಾ. 'ವಾಕೆಡ್', 'ಟಾಕೆಡ್' ಅಂತ. ಯಾರೂ ಅಲ್ಲ ಅನ್ಲಿಲ್ಲ. ಈಗ ಕಾಲೇಜಲ್ಲಿ ಸೆಮಿನಾರು ಕೊಡುವಾಗ ಅದು ತಪ್ಪು ಅಂತ ಗೊತ್ತು, ಆದ್ರೂ ಬಾಯಿಗೆ ಅದೇ ಬರ್ತದೆ." ಅಷ್ಟರಲ್ಲಿ ಅವಳ ಬಸ್ಸು ಬಂತು.

ಅಳಿಸುವ ಅನುಕೂಲದ ಬಗ್ಗೆ ನಾನು ಮೇಲೆ ಬರೆದ ಹೊಗಳಿಕೆಗೆ ಅವಳ ಮಾತು ತಿದ್ದುಪಡಿ. ಹನ್ನೊಂದು ನಿಮಿಷ ಅಳಿಸಿ ಹೇಳಿದ ಹುಡುಗನಿಗೂ, ಮೂರು ತಿಂಗಳು ಅಳಿಸಿ ಹೇಳಿದ ಈ ಹುಡುಗಿಗೂ ಫೋನು ಒಂದೇ, ಗುಂಡಿ ಒಂದೇ. ಅವನ ಸಂದೇಶದ ಆ ತುದಿಯಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬರು ಕಾಯುತ್ತಿದ್ದರು. ನಮ್ಮ ಕಾಲೇಜಿನ ಚರ್ಚೆಗಳಲ್ಲಿ ಈಗ ಉಚ್ಚಾರಣೆ ತಿದ್ದುವ ಆ್ಯಪ್‌ಗಳ ಮಾತು ಬರುತ್ತದೆ, ಶಿಕ್ಷಕರ ಹೊರೆ ಇಳಿಯುತ್ತದೆಂದು. ಇಳಿಯಬಹುದು. ಆದರೆ ಅಪ್ಪ ಕಾಪಿ ಕುಡಿಯುವುದನ್ನು ಕೇಳಿ ನಕ್ಕು, 'ಸರಿ, ಸಕ್ಕರೆ ಹಾಕಿಕೊಳ್ಳುತ್ತಾರಾ?' ಎಂದು ಇಂಗ್ಲಿಷ್‌ನಲ್ಲೇ ಮುಂದಿನ ಪ್ರಶ್ನೆ ಕೇಳಿದ್ದು ಮೇಡಂ.

ಒಂಬತ್ತನೇ ತರಗತಿಗೆ ನಾನು 'ಶಬ್ದ' ಘಟಕದ ಪಾಠ ಮಾಡಬೇಕಿತ್ತು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಧ್ವನಿ ದಾಖಲಿಸಿ ಅಲೆಯ ಚಿತ್ರ ತೋರಿಸುವ ಉಚಿತ ತಂತ್ರಾಂಶವೊಂದನ್ನು ಹಾಕಿಕೊಂಡು, 'ಆ' ಎಂದರೆ ಅಲೆ ಹೇಗೆ ಮರುಕಳಿಸುತ್ತದೆ, 'ಸ್' ಎಂದರೆ ಹೇಗೆ ಹುಲ್ಲಿನ ಮೆದೆಯಂತೆ ಕೆದರಿಕೊಳ್ಳುತ್ತದೆ ಎಂದು ತೋರಿಸಿದೆ. ಪಾಠ ಮುಗಿದ ಮೇಲೂ ಮಕ್ಕಳು ಹೋಗಲಿಲ್ಲ. 'ಡ್ರಿಂಕ್', 'ಡ್ರಿಂಕ್ಸ್' ಎರಡನ್ನೂ ಹೇಳಿ ಬಾಲದ ಹುಲ್ಲು ಬಂತಾ ಇಲ್ಲವಾ ಎಂದು ನೋಡುವುದು ಅವರಿಗೆ ಆಟವಾಯಿತು. ಅದನ್ನು ನೋಡಿದ ಮೇಡಂ, "ಇದು ಇಲ್ಲೇ ಇರ್ತದಲ್ವಾ? ಯಾರ ಫೋನಿಗೂ ಹೋಗಲ್ವಾ?" ಎಂದು ಕೇಳಿದರು.

ಹೋಗುವುದಿಲ್ಲ. ಈಗ ವಿಜ್ಞಾನ ಪ್ರಯೋಗಾಲಯದ ಒಳಕೋಣೆಯಲ್ಲಿ, ಬ್ಯೂರೆಟ್ಟುಗಳ ಬೀರುವಿನ ಪಕ್ಕ, ಲ್ಯಾಪ್‌ಟಾಪು ಒಂದು ಮೇಜಿನ ಮೇಲಿದೆ. ಒಬ್ಬರೇ ಒಳಗೆ ಹೋಗಬೇಕು, ಬಾಗಿಲು ಹಾಕಿಕೊಳ್ಳಬಹುದು. ಎಷ್ಟು ಸಲ ಬೇಕಾದರೂ ಹೇಳಿ ಅಳಿಸಬಹುದು, ಕೊನೆಯದನ್ನು ಮಾತ್ರ ತಮ್ಮ ಕ್ರಮಸಂಖ್ಯೆಯಲ್ಲಿ ಉಳಿಸಿ ಬರಬೇಕು. ಮೇಡಂ ಮಾರನೆಯ ದಿನ ತಮ್ಮ ಬಿಡುವಿನ ಅವಧಿಯಲ್ಲಿ ಕೇಳಿ ಉತ್ತರವನ್ನು ಅಲ್ಲೇ ದಾಖಲಿಸುತ್ತಾರೆ. ತಿಂಗಳ ಕೊನೆಗೆ ಎಲ್ಲ ಅಳಿಸುತ್ತಾರೆ. ಪೋಷಕರ ಸಭೆಯಲ್ಲಿ ತಾಯಂದಿರಿಗೆ ಕೋಣೆಯನ್ನೂ ಲ್ಯಾಪ್‌ಟಾಪನ್ನೂ ತೋರಿಸಿದೆವು. ಒಬ್ಬರು ತಾವೇ ಕೂತು ತಮ್ಮ ಹೆಸರು, ಊರು ಹೇಳಿ, ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ನನ್ನ ಇಂಟರ್ನ್‌ಶಿಪ್ ಕಳೆದ ಶನಿವಾರ ಮುಗಿಯಿತು. ಒಳಕೋಣೆಯ ಬೀಗದ ಕೈ ಹತ್ತನೇ ತರಗತಿಯ ಇಬ್ಬರು ಹುಡುಗಿಯರ ಹತ್ತಿರ ಇದೆ. ಬುಧವಾರ ಮತ್ತು ಶುಕ್ರವಾರ ಮೂರೂವರೆಗೆ ತೆಗೆಯುತ್ತಾರೆ.